ಕಲ್ಯಾಣದ ಕಿವಿಗೆ ಸ್ಲಾವ್ ವ್ಯಂಜನಗಳು

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ವೋಲ್ಗಾ ನದಿಯ ದಂಡೆಯ ಮೇಲಿನ ತ್ವೇರ್ ಎಂಬ ಪಟ್ಟಣದಿಂದ ಹೊರಟು, ಕ್ಯಾಸ್ಪಿಯನ್ ಸಮುದ್ರವನ್ನೂ ಪಾರಸಿಕ ದೇಶವನ್ನೂ ದಾಟಿ, ಹೊರ್ಮುಜಿನಲ್ಲಿ ಹಡಗು ಹತ್ತಿ, ಕೊಂಕಣದ ಚೌಲ ಬಂದರಿನಲ್ಲಿಳಿದು, ಮಾರುವುದಕ್ಕೆಂದು ತಂದ ಒಂದೇ ಒಂದು ಕುದುರೆಯೊಡನೆ ಜುನ್ನರದ ಮಾರ್ಗವಾಗಿ ಬಹಮನಿ ಸುಲ್ತಾನರ ರಾಜಧಾನಿಯಾದ ಬೀದರಿಗೆ ಬಂದು ಸೇರಿದ ಅಫನಾಸಿ ನಿಕಿತಿನ್ ಎಂಬ ರಷ್ಯನ್ ವರ್ತಕನು, ತಾನು ಕಂಡ ಊರುಗಳ ಹೆಸರುಗಳನ್ನೂ ಕೇಳಿದ ಬಿರುದುಗಳನ್ನೂ ತನ್ನ ನಾಡಿನ ಲಿಪಿಯಲ್ಲಿ ಬರೆದಿಟ್ಟುಕೊಂಡನು. 'ಮೂರು ಕಡಲುಗಳಾಚೆಯ ಪಯಣ' ಎಂದು ಪ್ರಸಿದ್ಧವಾದ ಆ ಬರಹವನ್ನು ಇತಿಹಾಸಕಾರರು ಬಹಮನಿ ರಾಜ್ಯದ ಸಂತೆಗಳಿಗಾಗಿ, ಸುಲ್ತಾನನ ಮೆರವಣಿಗೆಗಾಗಿ, ಸರದಾರರ ವೈಭವಕ್ಕೂ ಬಡವರ ದೈನ್ಯಕ್ಕೂ ನಡುವಣ ಅಂತರದ ವರ್ಣನೆಗಾಗಿ ಓದುತ್ತಾರೆ. ಧ್ವನಿಶಾಸ್ತ್ರದಲ್ಲಿ ಆಸಕ್ತಿಯುಳ್ಳವನಿಗೆ ಅದರಲ್ಲಿ ಮತ್ತೊಂದು ನಿಧಿ ಉಂಟು. ಹಿಂದೂಸ್ತಾನವು ಅವನ ಲೇಖನಿಯಲ್ಲಿ 'ಗುಂದುಸ್ತಾನ'ವಾಗಿದೆ. ಜುನ್ನರವು ಚಕಾರದಿಂದ ಮೊದಲಾಗುತ್ತದೆ. ಬಹಮನಿ ಮಂತ್ರಿ ಮಹಮೂದ್ ಗವಾನನ ಬಿರುದಾದ ಮಲಿಕ್-ಉತ್-ತುಜ್ಜಾರ್ ಎಂಬುದು 'ಮೆಲಿಕ್ತುಚಾರ್' ಆಗಿದೆ. ನಮ್ಮ ಆಳಂದವು 'ಅಲ್ಯಾಂದ್' ಆಗಿದೆ.

ಇವು ಕೇವಲ ಪರದೇಶಿಯೊಬ್ಬನ ಅಜಾಗರೂಕತೆಯ ಫಲಗಳಲ್ಲ. ಒಂದು ಭಾಷೆಯಲ್ಲಿ ಬೆಳೆದ ಕಿವಿಯು ಮತ್ತೊಂದು ಭಾಷೆಯ ವ್ಯಂಜನವನ್ನು ಕೇಳಿದಾಗ, ತನ್ನಲ್ಲಿ ಇರುವ ವ್ಯಂಜನಗಳ ಪೈಕಿ ಯಾವುದು ಅದಕ್ಕೆ ಅತ್ಯಂತ ಸಮೀಪವೋ ಅದರ ಮನೆಗೇ ಅದನ್ನು ಸೇರಿಸುತ್ತದೆ. ರಷ್ಯನ್ ಭಾಷೆಯಲ್ಲಿ ಚಕಾರವುಂಟು, ಆದರೆ ಆ ವರ್ಗದ ಮೂರನೆಯ ಅಕ್ಷರವಾದ ನಮ್ಮ ಜಕಾರವು ಸ್ವತಂತ್ರ ವರ್ಣವಾಗಿ ಇಲ್ಲ. ಆದಕಾರಣ ತುಜ್ಜಾರನು ತುಚಾರನಾಗಲೇಬೇಕಾಯಿತು. ನಾಲಗೆಯನ್ನು ಹಿಂದಕ್ಕೆ ಮಡಿಚಿ ಆಡುವ ಳಕಾರವು ಅಲ್ಲಿಲ್ಲ; ಅದರ ಬದಲಾಗಿ ಗಡುಸು ಲಕಾರ, ಮೃದು ಲಕಾರ ಎಂಬ ಎರಡು ಉಂಟು; ಆಳಂದದ ಳಕಾರವು ಎರಡನೆಯದರಲ್ಲಿ ಆಶ್ರಯ ಪಡೆಯಿತು. ಈ ಗಡುಸು ಮತ್ತು ಮೃದುಗಳ ಭೇದವು ರಷ್ಯನ್ನರಿಗೆ ಅಲಂಕಾರವಲ್ಲ, ಅರ್ಥವನ್ನೇ ನಿರ್ಣಯಿಸುವ ಸಂಗತಿ. 'ಊಗಲ್' ಎಂಬ ಮಾತಿನ ಕೊನೆಯ ಲಕಾರವನ್ನು ಗಡುಸಾಗಿ ನುಡಿದರೆ ಮೂಲೆ ಎಂದೂ, ನಾಲಗೆಯ ನಡುಭಾಗವನ್ನು ತಾಲುವಿನ ಕಡೆಗೆ ಎತ್ತಿ ಮೃದುವಾಗಿ ನುಡಿದರೆ ಕಲ್ಲಿದ್ದಲು ಎಂದೂ ಅರ್ಥವಾಗುತ್ತದೆ. ಇದು ಅತಿಸೂಕ್ಷ್ಮವೆಂದು ತೋರಿದವರು ಕಲ್ಲು ಮತ್ತು ಕಳ್ಳು ಎಂಬ ನಮ್ಮ ಎರಡು ಮಾತುಗಳನ್ನು ಯಾವನಾದರೊಬ್ಬ ರಷ್ಯನ್ನನ ಮುಂದೆ ಆಡಿ, ಅವನ ಮುಖವನ್ನು ನೋಡಬೇಕು.

ನಿಕಿತಿನ್ ಇದ್ದ ಬೀದರಿನಿಂದ ನೈಋತ್ಯಕ್ಕೆ ಹುಮನಾಬಾದ್, ಅಲ್ಲಿಂದ ಪಶ್ಚಿಮಕ್ಕೆ ಬಸವಕಲ್ಯಾಣ. ಪುಣೆಯಿಂದ ಸೊಲ್ಲಾಪುರ, ಉಮರಗಾಗಳನ್ನು ಹಾದು ಬರುವ ಹೆದ್ದಾರಿಯು ಬಸವಕಲ್ಯಾಣದ ಅಂಚನ್ನು ಸವರಿ, ಹುಮನಾಬಾದನ್ನು ಹೊಕ್ಕು, ಜಹೀರಾಬಾದಿನ ಮೂಲಕ ಹೈದರಾಬಾದಿಗೆ ಹೋಗುತ್ತದೆ. ಬೀದರಿನಿಂದ ಕಲಬುರಗಿಗೆ ಹೋಗುವ ದಾರಿಯು ಹುಮನಾಬಾದಿನಲ್ಲಿಯೇ ಅದನ್ನು ಕೂಡುತ್ತದೆ. ಪಶ್ಚಿಮಕ್ಕೆ ಮರಾಠಿ, ಪೂರ್ವಕ್ಕೆ ತೆಲುಗು, ಪೇಟೆಯ ತುಂಬ ದಖನಿ ಉರ್ದು, ಮನೆ ಮತ್ತು ಹೊಲಗಳಲ್ಲಿ ಕನ್ನಡ. 1956ರವರೆಗೆ ಹೈದರಾಬಾದು ಸಂಸ್ಥಾನದ ನೆನಪುಗಳೊಡನೆ ಒಂದಾಗಿದ್ದ ಬೀದರ ಜಿಲ್ಲೆಯನ್ನು ಭಾಷೆಯ ಆಧಾರದ ಮೇಲೆ ಹಂಚಿದಾಗ ಭೂಮಿಗೆ ಗೆರೆ ಬಿದ್ದಿತು, ಬಾಯಿಗೆ ಬೀಳಲಿಲ್ಲ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಜನಿಸಿ, ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿದುದು ಮಾತ್ರವಲ್ಲದೆ ಮರಾಠಿ, ಕನ್ನಡ, ಹಿಂದಿಗಳಲ್ಲಿ ಪದಗಳನ್ನು ರಚಿಸಿ ಹಾಡಿದುದನ್ನು ನೆನೆದರೆ, ಈ ನೆಲದಲ್ಲಿ ಒಬ್ಬನೇ ಮನುಷ್ಯನ ನಾಲಗೆಯ ಮೇಲೆ ಹಲವು ವರ್ಣಮಾಲೆಗಳು ವಾಸಿಸುವುದು ಎಷ್ಟು ಸಹಜವೆಂಬುದು ತಿಳಿಯುತ್ತದೆ. ಸ್ಲಾವ್ ಜನರ ನಾಡುಗಳಲ್ಲಿ ಪೋಲಿಷ್, ಚೆಕ್, ಸ್ಲೊವಾಕ್, ಯುಕ್ರೇನಿಯನ್, ರಷ್ಯನ್, ಸರ್ಬಿಯನ್, ಬಲ್ಗೇರಿಯನ್ ಮೊದಲಾದ ಸೋದರಭಾಷೆಗಳನ್ನು ಬೇರ್ಪಡಿಸುವ ವ್ಯಂಜನಭೇದಗಳು ಯಾವ ನಿಯಮಗಳಿಂದ ಹುಟ್ಟಿದವೋ, ಆ ನಿಯಮಗಳೇ ಹುಮನಾಬಾದ್, ಬಸವಕಲ್ಯಾಣ ಎಂಬ ಈ ಎರಡು ತಾಲ್ಲೂಕುಗಳ ಬೀದಿಗಳಲ್ಲಿಯೂ ಪ್ರತಿನಿತ್ಯ ಕೇಳಿಬರುತ್ತವೆ ಎಂಬುದೇ ನಾನು ಇಲ್ಲಿ ಹೇಳಬಯಸುವ ಮಾತು.

ಗುಂದುಸ್ತಾನದ ಗಕಾರದಿಂದಲೇ ತೊಡಗೋಣ. ರಷ್ಯನ್ ಭಾಷೆಯಲ್ಲಿ ನಮ್ಮ ಹಕಾರವಿಲ್ಲ. ಆದುದರಿಂದ ಹೊರಗಿನ ಹಕಾರವು ಅಲ್ಲಿ ಒಮ್ಮೆ ಗಕಾರವಾಗುತ್ತದೆ, ಒಮ್ಮೆ ಗಂಟಲಿನ ಉಜ್ಜುವ ಖಕಾರವಾಗುತ್ತದೆ: ಹಿಮಾಲಯವನ್ನು ಇಂದಿಗೂ ಅವರು 'ಗಿಮಲಾಯಿ' ಎನ್ನುತ್ತಾರೆ, ಹೈದರಾಬಾದನ್ನು 'ಖೈದರಾಬಾದ್' ಎನ್ನುತ್ತಾರೆ. ಹಳೆಯ ವಾಡಿಕೆಯಂತೆ ಬರೆದರೆ ಹುಮನಾಬಾದು ಗುಮನಾಬಾದಾದೀತು. ಆದರೆ ಅದೇ ಸ್ಲಾವ್ ಕುಟುಂಬದ ಚೆಕ್, ಸ್ಲೊವಾಕ್, ಯುಕ್ರೇನಿಯನ್, ಬೆಲರೂಸಿಯನ್ ಭಾಷೆಗಳಲ್ಲಿ ಇದಕ್ಕೆ ವಿಲೋಮವಾದ ಘಟನೆ ನಡೆದು, ಪ್ರಾಚೀನ ಗಕಾರವು ಬಿಗಿಯನ್ನು ಸಡಿಲಿಸಿ ಉಸಿರಾಗಿ ಕರಗಿದೆ. ಪರ್ವತವನ್ನು ರಷ್ಯನ್ನರೂ ಪೋಲರೂ ಸರ್ಬರೂ 'ಗೊರಾ', 'ಗುರಾ' ಎಂದು ಗಕಾರದಿಂದಲೇ ಕರೆದರೆ, ಚೆಕ್ಕರು 'ಹೊರಾ' ಎನ್ನುತ್ತಾರೆ. ಚೆಕ್ಕರ ರಾಜಧಾನಿಯು ಅವರಿಗೆ 'ಪ್ರಾಹಾ', ನೆರೆಯ ಪೋಲರಿಗೆ 'ಪ್ರಾಗಾ'. ಯುಕ್ರೇನಿಯನ್ ಭಾಷೆಯಲ್ಲಿ ಗಕಾರವು ಕೆಲವೇ ಪದಗಳಲ್ಲಿ ಉಳಿದುದರಿಂದ ಅದಕ್ಕೆ ಪ್ರತ್ಯೇಕ ಅಕ್ಷರವೊಂದಿತ್ತು. 1933ರಲ್ಲಿ ಅದನ್ನು ವರ್ಣಮಾಲೆಯಿಂದ ತೆಗೆದುಹಾಕಲಾಯಿತು, 1990ರಲ್ಲಿ ಮರಳಿ ಸೇರಿಸಲಾಯಿತು. ಒಂದು ವ್ಯಂಜನದ ಲಿಪಿಯನ್ನು ಕಳೆದುಕೊಂಡುದಕ್ಕಾಗಿ ಒಂದು ಜನಾಂಗವು ಅರ್ಧ ಶತಮಾನಕ್ಕೂ ಮಿಗಿಲಾಗಿ ನೊಂದುಕೊಂಡಿತೆಂಬುದನ್ನು, ಱಕಾರ ೞಕಾರಗಳನ್ನು ಸದ್ದಿಲ್ಲದೆ ಕೈಬಿಟ್ಟ ನಾವು ಗೌರವದಿಂದ ನೋಡಬೇಕಾಗಿದೆ.

ಹುಮನಾಬಾದಿನ ಸಂತೆಯಲ್ಲಿ ಇದೇ ಬಗೆಯ ಕಥೆ ತುಟಿಗಳ ಮೇಲೆ ನಡೆದಿದೆ. ಕನ್ನಡಿಗನು ಹಾಲು, ಹುಲಿ, ಹಾವು, ಹೂವು ಎಂದಾಗ, ಜಹೀರಾಬಾದಿನ ಕಡೆಯಿಂದ ಬಂದ ತೆಲುಗಿನವನು ಪಾಲು, ಪುಲಿ, ಪಾಮು, ಪೂವು ಎನ್ನುತ್ತಾನೆ. ಹಳಗನ್ನಡದಲ್ಲಿ ನಾವೂ ಪಾಲ್ ಎಂದೇ ಆಡುತ್ತಿದ್ದೆವು. ಹತ್ತನೆಯ ಶತಮಾನದ ಸುಮಾರಿಗೆ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದು ಹಕಾರವು ಮೊಳೆತು, ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಬಲಿತು, ಮುಂದಿನ ಎರಡು ಶತಮಾನಗಳಲ್ಲಿ ಪದಾದಿಯ ಪಕಾರವನ್ನು ಬಹುಮಟ್ಟಿಗೆ ನುಂಗಿತು. ತುಟಿಗಳನ್ನು ಪೂರ್ತಿಯಾಗಿ ಮುಚ್ಚಿ ಬಿಡುವ ಶ್ರಮವು ತಪ್ಪಿ ಉಸಿರು ಮಾತ್ರ ಉಳಿಯಿತು; ಚೆಕ್ಕರಲ್ಲಿ ಗಂಟಲಿನ ಬಾಗಿಲಿನಲ್ಲಿ ನಡೆದುದು ನಮ್ಮಲ್ಲಿ ತುಟಿಯ ಬಾಗಿಲಿನಲ್ಲಿ ನಡೆಯಿತು, ಅಷ್ಟೇ ವ್ಯತ್ಯಾಸ. ದಖನಿ ಉರ್ದುವಿನಲ್ಲಿ ಅರಬ್ಬಿಯ ಗಂಟಲಿನಾಳದ ಕಕಾರವು ಉಜ್ಜುವ ಖಕಾರವಾಗಿ 'ಕಾಜಿ'ಯು 'ಖಾಜಿ'ಯಾಗುವುದೂ ಇದೇ ಸಡಿಲಿಕೆಯ ಮಾರ್ಗದಲ್ಲಿಯೇ. ಉತ್ತರ ಹಿಂದೂಸ್ತಾನದ ಪಂಡಿತರು ಅದನ್ನು ಕೇಳಿ ನಗುವುದುಂಟು. ಪ್ರಾಗ್ ಪಟ್ಟಣದ ಹೆಸರನ್ನು ಕೇಳಿ ಯಾರೂ ನಗುವುದಿಲ್ಲವಲ್ಲ.

ಸ್ಲಾವ್ ಭಾಷೆಗಳ ವ್ಯಂಜನಗಳನ್ನು ಆಳವಾಗಿ ಕಲಕಿದ ಶಕ್ತಿ ಯಾವುದೆಂದರೆ ತಾಲವ್ಯೀಕರಣ. ಇಕಾರ ಎಕಾರಗಳನ್ನು ನುಡಿಯುವಾಗ ನಾಲಗೆಯು ಮುಂದಕ್ಕೆ ಬಂದು ತಾಲುವಿನ ಕಡೆಗೆ ಏರುತ್ತದೆ. ಅವುಗಳ ಹಿಂದೆ ಕಕಾರವಿದ್ದರೆ, ಬಾಯಿಯ ಹಿಂಭಾಗದಲ್ಲಿ ಹುಟ್ಟಬೇಕಾದ ಆ ಸ್ಪರ್ಶವೂ ತನ್ನ ಸ್ವರದ ಸೆಳೆತಕ್ಕೆ ಸಿಕ್ಕಿ ಮುಂದೆ ಸರಿದು, ಕಾಲಕ್ರಮದಲ್ಲಿ ಚಕಾರವಾಗಿ ನಿಲ್ಲುತ್ತದೆ. ಆದಿ ಸ್ಲಾವ್ ಭಾಷೆಯಲ್ಲಿ ಈ ಘಟನೆಯು ಒಂದಕ್ಕಿಂತ ಹೆಚ್ಚು ಸಲ ನಡೆಯಿತು. ಮೊದಲನೆಯ ಸಲದ ಗುರುತುಗಳನ್ನು ರಷ್ಯನ್ ಭಾಷೆಯ ಅತಿಸಾಮಾನ್ಯ ಮಾತುಗಳಲ್ಲಿಯೂ ಕಾಣಬಹುದು: ಕೈ 'ರುಕಾ', ಪುಟ್ಟ ಕೈ 'ರೂಚ್ಕಾ', ಕಣ್ಣಿಗೆ ಹಳೆಯ ಮಾತು 'ಓಕಾ', ಕಣ್ಣುಗಳು 'ಓಚಿ', ಕಿವಿ 'ಊಖಾ', ಕಿವಿಗಳು 'ಊಶಿ'. ಎರಡನೆಯ ಸಲ, ಹೊಸದಾಗಿ ಹುಟ್ಟಿದ ಎಕಾರದ ಮುಂದೆ, ಕಕಾರವು ಚಕಾರಕ್ಕೆ ಹೋಗದೆ ಹಲ್ಲಿನ ಹಿಂಬದಿಯ 'ತ್ಸ'ಕಾರವಾಯಿತು. ಪೋಲಿಷ್ ಭಾಷೆಯಲ್ಲಿ ಕೈ 'ರೆಂಕಾ', ಕೈಗಳು 'ರೆಂತ್ಸೆ'. ಚೆಕ್ ಭಾಷೆಯಲ್ಲಿ 'ರುಕಾ', 'ರುತ್ಸೆ'.

ಕಿವಿಯ ಮಾತು ಬಂದುದರಿಂದ ನಮ್ಮ ಕಿವಿಯನ್ನೇ ನೋಡೋಣ. ಕನ್ನಡದ ಕಿವಿಯು ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ನಮ್ಮ ಕೈ ತೆಲುಗಿನಲ್ಲಿ ಚೇಯಿ. ನಮ್ಮ ಕೆರೆ ಅಲ್ಲಿ ಚೆರುವು. ನಾವು ಕೆಡು ಎಂದರೆ ಅವರು ಚೆಡು ಎನ್ನುತ್ತಾರೆ. ಎಕಾರ ಇಕಾರಗಳ ಸೆಳೆತವು ನೆರೆಯ ಭಾಷೆಗಳ ಕಕಾರವನ್ನು ತಾಲುವಿಗೆ ಎಳೆದೊಯ್ದಾಗ, ಕನ್ನಡವು ಅದನ್ನು ಬಿಟ್ಟುಕೊಡದೆ ದ್ರಾವಿಡ ಮೂಲದ ಕಕಾರವನ್ನೇ ಹಿಡಿದು ನಿಂತಿತು. ಬಸವಕಲ್ಯಾಣದ ತ್ರಿಪುರಾಂತ ಕೆರೆಯನ್ನು ಊರವರು 'ಕೆರಿ' ಎಂದು ಕೊನೆಯ ಎಕಾರವನ್ನೂ ಇಕಾರವಾಗಿಸಿ ಆಡುತ್ತಾರಾದರೂ, ಮೊದಲಿನ ಕಕಾರವು ಮಾತ್ರ ಇತಿಹಾಸಕ್ಕೂ ಹಿಂದಿನ ಕಾಲದಿಂದ ಅಲುಗದೆ ಬಂದುದು.

ಇಂತಹ ದೃಢತೆಯ ಇನ್ನೊಂದು ಉದಾಹರಣೆಯು ಸ್ಲಾವ್ ಪ್ರಪಂಚದಲ್ಲಿ ಸಿಕ್ಕಿದ ಬಗೆಯು ವಿಸ್ಮಯಕರವಾದುದು. ರಷ್ಯದ ವಾಯವ್ಯದಲ್ಲಿರುವ ನೊವ್ಗೊರೊದ್ ಎಂಬ ಪುರಾತನ ನಗರದಲ್ಲಿ 1951ರಿಂದ ಮೊದಲ್ಗೊಂಡು, ಭೂರ್ಜವೃಕ್ಷದ ತೊಗಟೆಯ ಮೇಲೆ ಗೀರಿ ಬರೆದ ಪತ್ರಗಳು ಕೆಸರಿನ ಪದರಗಳಿಂದ ಒಂದೊಂದಾಗಿ ಹೊರಬಂದವು; ಅರಸರ ದಾನಶಾಸನಗಳಲ್ಲ, ಸಾಲ, ಬಾಡಿಗೆ, ಜಗಳ, ಮದುವೆಗಳ ವಿಷಯವಾಗಿ ಸಾಮಾನ್ಯರು ಬರೆದುಕೊಂಡ ಕಾಗದಗಳು. ಅವುಗಳಲ್ಲಿ 247ನೆಯ ಸಂಖ್ಯೆಯದು ಹನ್ನೊಂದನೆಯ ಶತಮಾನದ್ದು. ಮೊದಲನೆಯ ಸೋಮೇಶ್ವರನು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡ ಶತಮಾನವೂ ಅದೇ. ಕಳವಿನ ಸುಳ್ಳು ಆಪಾದನೆಯ ಆ ಪತ್ರದಲ್ಲಿ ಬೀಗವೂ ಬಾಗಿಲುಗಳೂ ಮುರಿಯದೆ ಅಖಂಡವಾಗಿವೆ ಎಂಬ ಮಾತು ಬರುತ್ತದೆ. ಅಖಂಡ ಎಂಬುದಕ್ಕೆ ಮಿಕ್ಕ ಸ್ಲಾವ್ ಭಾಷೆಗಳಲ್ಲೆಲ್ಲ ತ್ಸಕಾರದಿಂದ ಮೊದಲಾಗುವ ಪದವಿರುವುದರಿಂದ, ಕಕಾರದಿಂದ ಬರೆದ 'ಕೆಲೆ' ಎಂಬುದು ಬಹುಕಾಲ ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ತಾಲವ್ಯೀಕರಣವು ನೊವ್ಗೊರೊದಿನ ಆಡುನುಡಿಯನ್ನು ತಲುಪಲೇ ಇಲ್ಲವೆಂದು ಅಂದ್ರೇಯ್ ಜಲಿಜ್ನ್ಯಾಕ್ ಎಂಬ ವಿದ್ವಾಂಸನು ತೋರಿಸಿಕೊಟ್ಟ ಮೇಲೆ, ತಪ್ಪು ಬರಹವೆಂದು ತಳ್ಳಿಹಾಕಬಹುದಾಗಿದ್ದ ಸಾಮಾನ್ಯರ ಕಕಾರವು ಇಡೀ ಕುಟುಂಬದ ಇತಿಹಾಸಕ್ಕೆ ಅಮೂಲ್ಯ ಸಾಕ್ಷಿಯಾಯಿತು.

ತಪ್ಪೆಂಬ ಮಾತನ್ನು ಎತ್ತಿದ ಮೇಲೆ ಶಕಾರ, ಷಕಾರ, ಸಕಾರಗಳ ವಿಷಯವನ್ನು ಹೇಳದಿರಲಾಗದು. ಬೀದರ ಸೀಮೆಯಲ್ಲಿ ಮಾತ್ರವಲ್ಲ, ಕನ್ನಡ ನಾಡಿನ ಯಾವ ಹಳ್ಳಿಯಲ್ಲಾದರೂ ಬಾಲಕನು ಶಿವನನ್ನು 'ಸಿವ' ಎಂದರೆ ಶಾಲೆಯಲ್ಲಿ ನಗೆಪಾಟಲಾಗುತ್ತಾನೆ. ಶಶಿಯು ಸಸಿಯಾಗುವುದು, ಹರ್ಷವು ಹರುಸವಾಗುವುದು ನಮ್ಮ ವ್ಯಾಕರಣಗಳು ತದ್ಭವ ಪ್ರಕರಣದಲ್ಲಿ ಸೂತ್ರಬದ್ಧವಾಗಿ ಹೇಳಿದ ನಡವಳಿ. ಕಲ್ಯಾಣದ ಜಗದೇಕಮಲ್ಲನ ಆಶ್ರಯದಲ್ಲಿ ಕಟಕೋಪಾಧ್ಯಾಯನಾಗಿದ್ದು 'ಕರ್ಣಾಟಕ ಭಾಷಾಭೂಷಣ'ವನ್ನು ರಚಿಸಿದ ಎರಡನೆಯ ನಾಗವರ್ಮನ ಊರಿನಲ್ಲಿಯೇ ಅವನ ಭಾಷೆಯ ಸಹಜ ಸಕಾರವು ಮಕ್ಕಳಿಗೆ ಅಪಮಾನವನ್ನು ತರುವುದು ದುಃಖದ ಸಂಗತಿ. ಪೋಲೆಂಡಿನ ಮಜೋವಿಯಾ ಮುಂತಾದ ಸೀಮೆಗಳ ರೈತರು ಷಕಾರವನ್ನು ಸಕಾರವಾಗಿ, ಗಡುಸು ಚಕಾರವನ್ನು ತ್ಸಕಾರವಾಗಿ ನುಡಿಯುತ್ತಿದ್ದುದಕ್ಕಾಗಿ ನಗರದವರ ತಿರಸ್ಕಾರಕ್ಕೆ ಗುರಿಯಾದರು. ಅಲ್ಲಿನ ಭಾಷಾವಿಜ್ಞಾನಿಗಳು ಅದಕ್ಕೆ ಶಾಸ್ತ್ರೀಯ ನಾಮವನ್ನು ಕೊಟ್ಟು, ಅದರ ಎಲ್ಲೆಗಳನ್ನು ಭೂಪಟದ ಮೇಲೆ ಗುರುತಿಸಿ, ಅದನ್ನು ಅಧ್ಯಯನಯೋಗ್ಯವಾದ ವಿಶೇಷವೆಂದು ಎತ್ತಿಹಿಡಿದರು. ಇನ್ನೊಂದು ಸಂಗತಿಯನ್ನೂ ಇಲ್ಲಿ ಸೇರಿಸಬೇಕು. ದಂತ್ಯ ಸ, ತಾಲವ್ಯ ಶ, ಮೂರ್ಧನ್ಯ ಷ ಎಂಬ ಮೂರನ್ನೂ ನಾವು ಬರೆಯುತ್ತೇವಾದರೂ ಶ-ಷಗಳ ಭೇದವು ನಮ್ಮ ಬಾಯಲ್ಲಿ ಹೆಚ್ಚುಕಡಿಮೆ ಅಳಿದಿದೆ. ಪೋಲಿಷ್ ಮಾತಿನಲ್ಲಿಯಾದರೋ ಮೂರಕ್ಕೆ ಸಮೀಪವಾದ ಮೂರು ಧ್ವನಿಗಳು ಇಂದಿಗೂ ಸ್ಫುಟವಾಗಿ ಬಾಳುತ್ತಿವೆ. ನಮ್ಮ ಶಿಕ್ಷಾಶಾಸ್ತ್ರದ ವಿಭಾಗವು ಎಷ್ಟು ಯಥಾರ್ಥವೆಂಬುದನ್ನು ಕಿವಿಯಾರೆ ಕೇಳಿ ನಂಬಬೇಕೆಂದು ಬಯಸುವವರು ವಾರ್ಸಾದ ವಾರ್ತೆಗಳನ್ನು ಕೇಳಬಹುದು.

ತ್ಸಕಾರಕ್ಕಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ಬಸವಕಲ್ಯಾಣದ ಮರಾಠಿ ಮನೆಯಲ್ಲಿ 'ಮಾಝಾ ಮುಲಗಾ', 'ಮಾಝೀ ಮುಲಗೀ' ಎಂಬ ಮಾತುಗಳನ್ನು ಎಚ್ಚರದಿಂದ ಕೇಳಬೇಕು: ಲಿಪಿಯಲ್ಲಿ ಒಂದೇ ಝಕಾರ, ಬಾಯಲ್ಲಿ ಎರಡು, ಆಕಾರದ ಮುಂದೆ ನಾಲಗೆಯ ತುದಿಯು ಹಲ್ಲಿನ ಹಿಂಬದಿಗೆ ತಾಗುತ್ತದೆ, ಈಕಾರದ ಮುಂದೆ ತಾಲುವಿಗೆ ಏರುತ್ತದೆ. ತೆಲುಗಿನ 'ಚಾಲು', 'ಚೆಪ್ಪು'ಗಳಲ್ಲಿಯೂ ಇದೇ ಏರ್ಪಾಡು. ಅರಬ್ಬಿ ಪಾರಸಿಗಳಿಂದ ಬಂದ ಜಮೀನು, ಅರ್ಜಿಗಳ ಉಜ್ಜುವ ಜಕಾರವನ್ನು ಕನ್ನಡಿಗನು ತನ್ನ ತಾಲವ್ಯ ಜಕಾರಕ್ಕೆ ಒಪ್ಪಿಸಿದರೆ, ಮರಾಠಿಗನು 'ಜಮೀನ್' ಎನ್ನುವಾಗ ಅದಕ್ಕೆ ದಂತ್ಯ ಜಕಾರದ ಸ್ಥಾನವನ್ನು ಕೊಟ್ಟು ಮೂಲಕ್ಕೆ ಒಂದು ಹೆಜ್ಜೆ ಸಮೀಪವಾಗುತ್ತಾನೆ. ಚಕಾರ ಮತ್ತು ತ್ಸಕಾರಗಳ ಈ ವಿವೇಕವು ಕಿವಿಗೆ ಬಾಲ್ಯದಿಂದಲೇ ಅಭ್ಯಾಸವಾಗಿರುವ ಹುಮನಾಬಾದಿನ ಯುವಕನು ಪೋಲಿಷನ್ನೋ ಸರ್ಬಿಯನ್ನನ್ನೋ ಕಲಿಯಲು ಕುಳಿತರೆ, ಒಂದೇ ಚಕಾರವನ್ನು ಬಲ್ಲ ಮೈಸೂರಿನ ವಿದ್ಯಾರ್ಥಿಗಿಂತ ಮುಂದೆ ನಡೆಯುವನೆಂಬುದರಲ್ಲಿ ನನಗೆ ಸಂದೇಹವಿಲ್ಲ.

ವ್ಯಂಜನಗಳ ದಟ್ಟಣೆಯು ಸ್ಲಾವ್ ಭಾಷೆಗಳ ಮತ್ತೊಂದು ಖ್ಯಾತಿ. ಕುತ್ತಿಗೆಗೆ ಚೆಕ್ಕರು 'ಕ್‌ರ್ಕ್' ಎನ್ನುತ್ತಾರೆ, ಬೆರಳಿಗೆ 'ಪ್‌ರ್‌ಸ್ತ್'; ಸ್ವರವೆಂಬುದೇ ಇಲ್ಲವೆಂದು ಕನ್ನಡಿಗನು ಬೆರಗಾಗುತ್ತಾನೆ. ಆದರೆ ಪ್ರಾಚೀನ ಸ್ಲಾವ್ ಭಾಷೆಯಲ್ಲಿ ಪ್ರತಿಯೊಂದು ಅಕ್ಷರವೂ ನಮ್ಮ ಇಂದಿನ ಕನ್ನಡದಂತೆ ಸ್ವರದಲ್ಲಿಯೇ ಮುಗಿಯುತ್ತಿತ್ತು. ಅಲ್ಲಿದ್ದ ಎರಡು ಅತಿಹ್ರಸ್ವ ಸ್ವರಗಳು ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಒಂದೊಂದು ಸೀಮೆಯಲ್ಲಾಗಿ ಉದುರಿಹೋದುವು. ಆಸರೆ ತಪ್ಪಿದ ವ್ಯಂಜನಗಳು ಒಂದರ ಮೇಲೊಂದು ಬಿದ್ದುವು. ಪದಾಂತದಲ್ಲಿ ಒಂಟಿಯಾಗಿ ನಿಂತ ಘೋಷ ವ್ಯಂಜನವು ರಷ್ಯನ್, ಪೋಲಿಷ್, ಚೆಕ್ ಭಾಷೆಗಳಲ್ಲಿ ತನ್ನ ನಾದವನ್ನೂ ಕಳೆದುಕೊಂಡಿತು; ರೊಟ್ಟಿಯನ್ನು 'ಖ್ಲೆಬ್' ಎಂದು ಬರೆದು 'ಖ್ಲೆಪ್' ಎಂದು ಓದುವುದು ಇದರಿಂದಲೇ. ಅದೇ ಶತಮಾನಗಳಲ್ಲಿ ಕಲ್ಯಾಣದ ಕನ್ನಡವು ಎದುರು ದಿಕ್ಕಿಗೆ ನಡೆಯಿತು: ಕಣ್, ಊರ್, ಪಾಲ್ ಎಂದು ವ್ಯಂಜನದಲ್ಲಿ ನಿಲ್ಲುತ್ತಿದ್ದ ಹಳಗನ್ನಡದ ಮಾತುಗಳು ಉಕಾರವನ್ನು ಪಡೆದು ಕಣ್ಣು, ಊರು, ಹಾಲು ಆದುವು. ಅವರು ಕಳೆದುಕೊಂಡ ಕಾಲದಲ್ಲಿ ನಾವು ಗಳಿಸಿದೆವು.

ಸ್ವರವಿಲ್ಲದ ಆ ಚೆಕ್ ಪದಗಳಲ್ಲಿ ನಮಗೆ ಆತ್ಮೀಯವಾದ ಒಂದು ವಸ್ತು ಅಡಗಿದೆ. ಋಕಾರವನ್ನು ಸ್ವರಗಳ ಸಾಲಿನಲ್ಲಿ ಬರೆಯುವ ನಾವು ಅದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ 'ರು' ಎಂದೇ ಓದುತ್ತೇವೆ. ಸ್ವರದ ನೆರವಿಲ್ಲದೆ ರೇಫವೇ ಸ್ವರವಾಗಿ ನಿಲ್ಲುವ ಅದರ ಪ್ರಾಚೀನ ಉಚ್ಚಾರಣೆಯು ಭಾರತದ ಆಡುಮಾತುಗಳಿಂದ ಮರೆಯಾಗಿದೆ. ಚೆಕ್ ಮತ್ತು ಸರ್ಬಿಯನ್ ಭಾಷೆಗಳಲ್ಲಿ ಅಂತಹ ರೇಫವು ನಿತ್ಯಬಳಕೆಯಲ್ಲಿ ಉಂಟು. ಸಂಸ್ಕೃತವೂ ಸ್ಲಾವ್ ಭಾಷೆಗಳೂ ಒಂದೇ ಮೂಲದವು; ಸಂಸ್ಕೃತದ ಮೃತ್ಯುವಿಗೆ ಅಲ್ಲಿನ ಜ್ಞಾತಿಯು 'ಸ್ಮ್‌ರ್ತ್'. ಚತುರ್ಥಕ್ಕೆ ಚೆಕ್ ಜ್ಞಾತಿಯು 'ಚ್ತ್ವ್‌ರ್ತೀ'. ರಕಾರ ಕಕಾರಗಳ ಅನಂತರ, ಇಕಾರ ಉಕಾರಗಳ ಅನಂತರ ಬಂದ ಮೂಲ ಸಕಾರವು ಸಂಸ್ಕೃತದಲ್ಲಿ ಷಕಾರವಾಯಿತು, ಸ್ಲಾವ್ ಭಾಷೆಗಳಲ್ಲಿ ಷಕಾರವನ್ನೂ ದಾಟಿ ಖಕಾರವಾಯಿತು. ಸೊಸೆಗೆ ಸಂಸ್ಕೃತದಲ್ಲಿ ಸ್ನುಷಾ, ರಷ್ಯನ್ ಭಾಷೆಯಲ್ಲಿ 'ಸ್ನಖಾ', ಕಲ್ಯಾಣದ ಮರಾಠಿ ಮನೆಯಲ್ಲಿ 'ಸೂನ್'. ಸಾವಿರಾರು ವರ್ಷಗಳ ಹಿಂದೆ ಅಗಲಿದ ಒಂದು ಪದದ ಎರಡು ಕೊನೆಗಳು ನಿಕಿತಿನ್ನನ ಕಾಲದಲ್ಲಿ ಬೀದರಿನ ಬೀದಿಯಲ್ಲಿ ಎದುರುಬದುರಾಗಿ ನಿಂತಿದ್ದಿರಬೇಕು. ಅವನಿಗೂ ತಿಳಿಯಲಿಲ್ಲ, ಅವನಿಗೆ ಆತಿಥ್ಯ ನೀಡಿದವರಿಗೂ ತಿಳಿಯಲಿಲ್ಲ.

ಇವೆಲ್ಲವನ್ನು ತಿಳಿಯುವ ಶಾಸ್ತ್ರವೂ ಎರಡು ನಾಡುಗಳ ನಡುವೆ ಸಂಚರಿಸಿದೆ. ಬೇರೆ ಬೇರೆ ಕುಲಗಳಿಗೆ ಸೇರಿದ ಭಾಷೆಗಳು ಒಂದೇ ನೆಲದಲ್ಲಿ ಬಾಳಿ ಪರಸ್ಪರ ಹೋಲಿಕೆಯನ್ನು ಪಡೆಯುತ್ತವೆಂಬುದನ್ನು ಬಾಲ್ಕನ್ ಪ್ರದೇಶದ ನಿದರ್ಶನದಿಂದ ಕಂಡು, ಅದಕ್ಕೆ 1920ರ ದಶಕದಲ್ಲಿ 'ಭಾಷಾ ಒಕ್ಕೂಟ' ಎಂಬ ಹೆಸರನ್ನಿತ್ತವನು ನಿಕೊಲಾಯ್ ತ್ರುಬೆತ್ಸ್ಕೊಯ್ ಎಂಬ ರಷ್ಯನ್ ವಿದ್ವಾಂಸ. ಅದೇ ಭಾವನೆಯಿಂದ 1956ರಲ್ಲಿ ಎಮಿನೊ ಎಂಬ ಭಾಷಾವಿಜ್ಞಾನಿಯು ಭಾರತವನ್ನು ಒಂದು ಭಾಷಾಕ್ಷೇತ್ರವಾಗಿ ವಿವರಿಸಿದನು. 1971ರಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಅಚ್ಚಿಗೆ ಇಳಿದ ಬಗೆಯನ್ನು ತೋರಿಸಿದರು. ಮಾಸ್ಕೋದ ಆಂದ್ರೊನೊವ್ ಎಂಬ ವಿದ್ವಾಂಸನು ಕನ್ನಡ ಭಾಷೆಯ ಮೇಲೆ ಪುಸ್ತಕವನ್ನೇ ಬರೆದನು. ಪುಣೆಯ ಡೆಕ್ಕನ್ ಕಾಲೇಜಿನಿಂದ 1968ರಲ್ಲಿ ಗುಲಬರ್ಗಾ ಕನ್ನಡದ ವಿವರಣೆಯು ಪ್ರಕಟವಾಯಿತು. ಬೀದರ ಗಡಿಯ ನಾಲ್ಕು ನುಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ಹಳ್ಳಿಹಳ್ಳಿಯ ವ್ಯಂಜನಗಳನ್ನು ಗುರುತಿಸುವುದಾದರೆ ಅದಕ್ಕೆ ಮಾದರಿಯೂ ಸ್ಲಾವ್ ನಾಡುಗಳಲ್ಲಿಯೇ ದೊರೆಯುತ್ತದೆ: 1958ರಲ್ಲಿ ಮಾಸ್ಕೋದಲ್ಲಿ ನೆರೆದ ಸ್ಲಾವ್ ವಿದ್ವಾಂಸರ ಅಂತರರಾಷ್ಟ್ರೀಯ ಸಮ್ಮೇಳನದಿಂದ ಮೊದಲಾದ ಸಮಗ್ರ ಸ್ಲಾವ್ ಭಾಷಾಭೂಪಟದ ಕಾರ್ಯದಲ್ಲಿ, ದೇಶಗಳ ಗಡಿಗಳನ್ನು ಲೆಕ್ಕಿಸದೆ ಸುಮಾರು 850 ಊರುಗಳ ಮಾತನ್ನು ಒಂದೇ ಪ್ರಶ್ನಾವಳಿಯಿಂದ ಸಂಗ್ರಹಿಸಿದರು. ಉಮರಗಾದಿಂದ ಜಹೀರಾಬಾದಿನವರೆಗಿನ ಹೆದ್ದಾರಿಯ ಎರಡೂ ಮಗ್ಗುಲಿನ ಊರುಗಳಲ್ಲಿ ಒಬ್ಬ ಹಿರಿಯರನ್ನೂ ಒಬ್ಬ ಶಾಲಾ ಬಾಲಕನನ್ನೂ ಕೂರಿಸಿಕೊಂಡು, ಕಿವಿ, ಕೈ, ಕೆರೆ, ಹಾಲು, ಶಿವ, ಜಮೀನು, ಕಾಜಿ ಎಂಬಂತಹ ಮಾತುಗಳನ್ನು ಅವರವರ ನುಡಿಯಲ್ಲಿ ಆಡಿಸಿ ಧ್ವನಿಮುದ್ರಿಸುವ ಕೆಲಸಕ್ಕೆ ಬೇಕಾಗುವುದು ಒಂದು ಪ್ರಶ್ನಾವಳಿ, ಒಂದು ಯಂತ್ರ, ನಾಲ್ಕು ಭಾಷೆಗಳನ್ನೂ ಬಲ್ಲ ತಾಳ್ಮೆಯ ಕೆಲವರು ತರುಣರು. ಅಂಥ ತರುಣರು ಹುಮನಾಬಾದಿನಲ್ಲಿಯೂ ಬಸವಕಲ್ಯಾಣದಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ.